ಸಲೈನ್ ಇಂಪ್ಲಾಂಟೋ, ಸಿಲಿಕೋನ್ ಇಂಪ್ಲಾಂಟೋ? ಮಾಸ್ಟೆಕ್ಟಮಿಗೆ ಮುಂಚೆ ನಿರ್ಧರಿಸಬೇಕಾಗಿದೆ

ಶರಾವತಿ_ಸಾಗರ:

ಎಲ್ಲರಿಗೂ ನಮಸ್ಕಾರ. ಸ್ತನ ಕ್ಯಾನ್ಸರ್ ಇರುವುದರಿಂದ ಎಡ ಸ್ತನವನ್ನು ಪೂರ್ತಿ ತೆಗೆಯಬೇಕು (ಮಾಸ್ಟೆಕ್ಟಮಿ) ಎಂದು ವೈದ್ಯರು ಹೇಳಿದ್ದಾರೆ. ಗಡ್ಡೆ ಒಂದೇ ಕಡೆ ಇಲ್ಲದ ಕಾರಣ, ಗಡ್ಡೆಯನ್ನಷ್ಟೇ ತೆಗೆದು ಸ್ತನ ಉಳಿಸುವ ಶಸ್ತ್ರಚಿಕಿತ್ಸೆ ನನಗೆ ಹೊಂದುವುದಿಲ್ಲವಂತೆ. ಸ್ತನ ತೆಗೆಯುವ ದಿನವೇ ಪುನರ್‌ರಚನೆಯನ್ನೂ, ಅಂದರೆ ಸ್ತನದ ಆಕಾರ ಮತ್ತೆ ಕಟ್ಟುವುದನ್ನೂ, ಆರಂಭಿಸಬಹುದು, ಯೋಚಿಸಿಕೊಂಡು ಬನ್ನಿ ಎಂದಿದ್ದಾರೆ. ಪ್ಲಾಸ್ಟಿಕ್ ಸರ್ಜನ್ ಕೈಗೆ ಕೊಟ್ಟು ತೋರಿಸಿದ್ದು ಸಿಲಿಕೋನ್ ಇಂಪ್ಲಾಂಟ್ ಒಂದನ್ನೇ. ಸಲೈನ್ ಬಗ್ಗೆ ಕೇಳಿದೆ. "ನಾನು ಅದನ್ನು ಬಳಸುವುದಿಲ್ಲ" ಎಂದರು. ಏಕೆ ಎಂದು ಕೇಳುವಷ್ಟರಲ್ಲಿ ಮುಂದಿನವರ ಹೆಸರು ಕರೆದಾಗಿತ್ತು.

ಅಮೆರಿಕದಲ್ಲಿರುವ ಚಿಕ್ಕಮ್ಮನ ಮಗಳು, ಸಿಲಿಕೋನ್ ಒಳಗೇ ಒಡೆದರೂ ತಿಳಿಯುವುದಿಲ್ಲ, ಸಲೈನನ್ನೇ ಹಾಕಿಸಿಕೋ ಎನ್ನುತ್ತಾಳೆ. ನಾದಿನಿಗೆ ಎರಡೂ ಬೇಡ, ಜೀವ ಉಳಿದರೆ ಸಾಕು. ನನಗೆ 43 ವರ್ಷ, ಮೈಕಟ್ಟು ತೆಳು. ಕೀಮೋ ಖಚಿತ. ಕರೆಂಟ್ (ರೇಡಿಯೇಷನ್) ಕೊಡುವ ವಿಚಾರ ಶಸ್ತ್ರಚಿಕಿತ್ಸೆಯ ನಂತರದ ಬಯಾಪ್ಸಿ ವರದಿ ನೋಡಿ ತೀರ್ಮಾನವಾಗುತ್ತದೆ. ಇವೆರಡರ ನಡುವೆ ನಿಜವಾಗಿ ಏನು ವ್ಯತ್ಯಾಸ? ಗೊತ್ತಿರುವವರು ಬಿಡಿಸಿ ಬರೆಯಿರಿ.

ನಿರ್ವಾಹಕಿ:

ಆಸ್ಪತ್ರೆ, ವೈದ್ಯರ ಹೆಸರು ಯಾರೂ ಬರೆಯಬೇಡಿ. ಫೋಟೋ ಹಾಕಬೇಡಿ. ಶರಾವತಿಯವರ ವರದಿ ನೋಡದೆ "ನಿಮಗೆ ಇದೇ ಸರಿ" ಎಂದು ತೀರ್ಪು ಕೊಡಬೇಡಿ.

ಓಟಿ_ಸಿಸ್ಟರ್:

ಶರಾವತಿಯವರೇ, ನಾನು ಆಪರೇಷನ್ ಥಿಯೇಟರಿನಲ್ಲಿ ಬಹುಕಾಲ ಕೆಲಸ ಮಾಡಿದವಳು. ಎರಡನ್ನೂ ಕೈಯಲ್ಲಿ ಹಿಡಿದಿದ್ದೇನೆ.

ಮೊದಲು ಬಹಳ ಜನರಿಗೆ ಗೊತ್ತಿಲ್ಲದ ಸಂಗತಿ: ಎರಡರ ಹೊರಚೀಲವೂ ಸಿಲಿಕೋನ್ ರಬ್ಬರಿನದೇ. "ಮೈಯೊಳಗೆ ಸಿಲಿಕೋನ್ ಬೇಡ, ಸಲೈನ್ ಹಾಕಿ" ಎಂದು ಕೇಳಿಕೊಂಡು ಬಂದವರಿಗೆ ಇದನ್ನು ಹೇಳಿದರೆ ಪೆಚ್ಚಾಗುತ್ತಾರೆ. ಬೇರೆಯಾಗಿರುವುದು ಒಳಗೆ ತುಂಬಿರುವುದು ಮಾತ್ರ. ಸಲೈನಿನೊಳಗೆ ಇರುವುದು ಡ್ರಿಪ್ ಬಾಟಲಿಯಲ್ಲಿ ಬರುವ ಉಪ್ಪುನೀರೇ, ಲೀಟರಿಗೆ 9 ಗ್ರಾಂ ಉಪ್ಪು. ಇನ್ನೊಂದರಲ್ಲಿ ಸಿಲಿಕೋನ್ ಜೆಲ್. ಇತ್ತೀಚಿನ ಜೆಲ್ ಹಿಂದಿನಷ್ಟು ತೆಳುವಲ್ಲ, ಕತ್ತರಿಸಿದರೂ ಹರಿದುಹೋಗದೆ ಒಂದಕ್ಕೊಂದು ಅಂಟಿಕೊಂಡು ನಿಲ್ಲುವಷ್ಟು ಗಟ್ಟಿಯಾದದ್ದೂ ಸಿಗುತ್ತದೆ.

ಸಲೈನ್ ಚೀಲವನ್ನು ಸಾಮಾನ್ಯವಾಗಿ ಖಾಲಿಯಾಗಿಯೇ ಸುರುಳಿ ಸುತ್ತಿ ಒಳಗಿಟ್ಟು, ಆಮೇಲೆ ಸಣ್ಣ ಕೊಳವೆಯಿಂದ ತುಂಬುತ್ತಾರೆ. ಹಾಗಾಗಿ ಸಣ್ಣ ಗಾಯ ಸಾಕು. ಅಳತೆಯನ್ನೂ ಟೇಬಲ್ ಮೇಲೆಯೇ ಹೆಚ್ಚು ಕಡಿಮೆ ಮಾಡಬಹುದು. ಸಿಲಿಕೋನ್ ತುಂಬಿಕೊಂಡೇ ಬರುತ್ತದೆ, ಅದಕ್ಕೆ ದೊಡ್ಡ ದಾರಿ ಬೇಕು. ಅಂದಕ್ಕಾಗಿ ಮಾಡಿಸಿಕೊಳ್ಳುವವರಿಗೆ ಈ ಸಣ್ಣ ಗಾಯದ ಲಾಭ ದೊಡ್ಡದು. ನಿಮಗೆ ಅದರಿಂದ ಪ್ರಯೋಜನವಿಲ್ಲ, ಸ್ತನ ತೆಗೆಯಲು ಗಾಯ ಹೇಗೂ ದೊಡ್ಡದೇ ಆಗುತ್ತದೆ.

ನಿಮ್ಮ ಸರ್ಜನ್ ಸಲೈನ್ ಬಿಟ್ಟದ್ದಕ್ಕೆ ಮುಖ್ಯ ಕಾರಣ ಇದಿರಬಹುದು. ಸ್ತನದ ಅಂಗಾಂಶ ಪೂರ್ತಿ ಹೋದ ಮೇಲೆ ಇಂಪ್ಲಾಂಟಿನ ಮೇಲೆ ಉಳಿಯುವುದು ಚರ್ಮ, ಅದರಡಿಯ ತೆಳು ಕೊಬ್ಬು, ಕೆಲವೊಮ್ಮೆ ಒಂದು ಪದರ ಸ್ನಾಯು. ತುಸು ಖಾಲಿಯಾದ ಹಾಲಿನ ಪ್ಯಾಕೆಟ್ಟಿನ ಮೇಲೆ ನೆರಿಗೆ ಬೀಳುತ್ತದಲ್ಲ, ಸಲೈನ್ ಚೀಲದಲ್ಲೂ ಹಾಗೆ ನೆರಿಗೆ ಬೀಳುತ್ತದೆ. ಮೇಲೆ ದಪ್ಪ ಹೊದಿಕೆ ಇದ್ದವರಲ್ಲಿ ಅದು ಮುಚ್ಚಿಹೋಗುತ್ತದೆ. ನಿಮ್ಮಂತೆ ತೆಳ್ಳಗಿರುವವರಲ್ಲಿ ಬಗ್ಗಿದಾಗ ಬದಿಯಲ್ಲಿ ಕಾಣುತ್ತದೆ, ಕೈಗೂ ತಗಲುತ್ತದೆ. ಸಿಲಿಕೋನಿಗೂ ನೆರಿಗೆ ಬೀಳದೆ ಇಲ್ಲ, ಆದರೆ ಕಡಿಮೆ. ಮುಟ್ಟಿದರೂ ಮೈಯಂತೆಯೇ ಮೆದು.

ಎಡಿಸನ್_ಅಕ್ಕ:

ಸಿಸ್ಟರ್ ಹೇಳಿದ್ದೆಲ್ಲ ಸರಿ. ಸಲೈನ್ ಜೊತೆ ಬದುಕಿದವಳ ಮಾತನ್ನೂ ಕೇಳು ತಂಗೀ.

ನಾನು ನ್ಯೂಜೆರ್ಸಿಯಲ್ಲಿದ್ದೇನೆ. ಬಲಗಡೆ ತೆಗೆದದ್ದು 1999ರಲ್ಲಿ. ಆಗ ಇಲ್ಲಿ ಸಿಲಿಕೋನ್ ಜೆಲ್ ಸುಲಭಕ್ಕೆ ಸಿಗುತ್ತಿರಲಿಲ್ಲ. 1992ರಲ್ಲಿ ಇಲ್ಲಿನ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಅದನ್ನು ತಡೆಹಿಡಿದಿತ್ತು. ನನ್ನಂತೆ ಕ್ಯಾನ್ಸರ್ ಆದವರಿಗೆ ಅಧ್ಯಯನದಲ್ಲಿ ಹೆಸರು ನೋಂದಾಯಿಸಿಕೊಂಡರೆ ಕೊಡುತ್ತಿದ್ದರು. ಪತ್ರಿಕೆಗಳಲ್ಲಿ ಬಂದದ್ದನ್ನೆಲ್ಲ ಓದಿ ಹೆದರಿದ್ದ ನಾನು ಸಲೈನ್ ಎಂದೆ. ವಿಮೆಯ ತೊಂದರೆ ಆಗಲಿಲ್ಲ. ಮಾಸ್ಟೆಕ್ಟಮಿಗೆ ಹಣ ಕೊಡುವ ವಿಮೆ ಪುನರ್‌ರಚನೆಗೂ, ಎರಡೂ ಕಡೆ ಸರಿಸಮ ಮಾಡುವುದಕ್ಕೂ ಕೊಡಬೇಕೆಂದು ಇಲ್ಲಿ 1998ರಲ್ಲೇ ಕಾನೂನು ಬಂದಿತ್ತು.

ಸುಮಾರು ಹತ್ತು ವರ್ಷ ಚೆನ್ನಾಗಿಯೇ ಇತ್ತು. ಸ್ವಲ್ಪ ಬಿಗಿ, ಚಳಿಗಾಲದಲ್ಲಿ ತಣ್ಣಗೆ. ಒಂದು ವಾರ ರವಿಕೆ ಸಡಿಲ ಎನ್ನಿಸತೊಡಗಿತು. ವಾರದ ಕೊನೆಗೆ ಆ ಕಡೆ ಚಪ್ಪಟೆ. ನೋವಿಲ್ಲ, ಜ್ವರವಿಲ್ಲ. ಸೋರಿದ ಉಪ್ಪುನೀರನ್ನು ಮೈ ಹೀರಿಕೊಂಡಿತ್ತು. ಯಾವ ಸ್ಕ್ಯಾನೂ ಬೇಕಾಗಲಿಲ್ಲ, ವೈದ್ಯರು ಬಾಗಿಲಿನಿಂದಲೇ ನೋಡಿ ತಲೆಯಾಡಿಸಿದರು. ಅಷ್ಟರಲ್ಲಿ, 2006ರ ನವೆಂಬರ್‌ನಲ್ಲಿ, ಸಿಲಿಕೋನಿಗೆ ಮತ್ತೆ ಒಪ್ಪಿಗೆ ಸಿಕ್ಕಿತ್ತು. ಬದಲಿಯಾಗಿ ಅದನ್ನೇ ಹಾಕಿಸಿಕೊಂಡೆ. ಹಿತ ಎಂದರೆ ಇದೇ ಹಿತ. ಆದರೆ ಅದು ಇವತ್ತು ಒಳಗೆ ಹೇಗಿದೆ ಎಂದು ನನ್ನ ಕೈಗೆ ತಿಳಿಯುವುದಿಲ್ಲ, ಸ್ಕ್ಯಾನಿಗೆ ಹೋಗಬೇಕು. ನಿನ್ನ ಚಿಕ್ಕಮ್ಮನ ಮಗಳು ಹೇಳಿದ್ದು ಅದನ್ನೇ. ಅವಳ ಮಾತು ಸುಳ್ಳಲ್ಲ.

ನಿಜ_ಹೇಳುವವ:

ಇಷ್ಟೆಲ್ಲ ಏಕೆ? ಸಿಲಿಕೋನ್ ವಿಷ. ಅಮೆರಿಕದವರೇ ನಿಷೇಧಿಸಿದ್ದರು, ತಯಾರಿಸಿದ ಕಂಪನಿ ದಿವಾಳಿಯಾಯಿತು, ಫ್ರಾನ್ಸಿನಲ್ಲಿ ಮಾಲೀಕನೇ ಜೈಲಿಗೆ ಹೋದ. ನಮ್ಮ ದೇಶದವರ ಮೇಲೆ ಹಳೆಯ ಸರಕು ಖಾಲಿ ಮಾಡುತ್ತಿದ್ದಾರೆ.

ಹಳೆಯ_ವರದಿಗಾರ:

ನಿಜ ಹೇಳುವವರೇ, ನಿಮ್ಮ ಮಾತಿನಲ್ಲಿ ಮೂರು ಬೇರೆ ಬೇರೆ ಕಥೆಗಳು ಒಂದೇ ಮೂಟೆಗೆ ಬಿದ್ದಿವೆ. ಬಿಚ್ಚಿ ಇಡುತ್ತೇನೆ.

ಮೊದಲ ಸಿಲಿಕೋನ್ ಇಂಪ್ಲಾಂಟ್ ಹಾಕಿದ್ದು 1962ರಲ್ಲಿ, ಟೆಕ್ಸಸ್‌ನ ಹ್ಯೂಸ್ಟನ್ನಿನಲ್ಲಿ. ಥಾಮಸ್ ಕ್ರೋನಿನ್, ಫ್ರಾಂಕ್ ಜೆರೋ ಎಂಬ ಇಬ್ಬರು ಸರ್ಜನ್‌ಗಳ ಕೆಲಸ, ತಯಾರಿಕೆ ಡೌ ಕಾರ್ನಿಂಗ್ ಕಂಪನಿಯದು. ಸಲೈನ್ ಬಂದದ್ದು ಅದರ ಬೆನ್ನಿಗೇ, ಫ್ರಾನ್ಸಿನಿಂದ, 1964ರಲ್ಲಿ. ಅಮೆರಿಕದಲ್ಲಿ ವೈದ್ಯಕೀಯ ಸಾಧನಗಳ ಮೇಲೆ ಎಫ್‌ಡಿಎಗೆ ಪೂರ್ಣ ಅಧಿಕಾರ ಬಂದದ್ದು 1976ರಲ್ಲಿ. ಅಂದರೆ ಪರೀಕ್ಷೆ ಎನ್ನುವುದು ಶುರುವಾಗುವ ಮೊದಲೇ ಈ ಸರಕು ಬಳಕೆಗೆ ಬಂದು ಹದಿನಾಲ್ಕು ವರ್ಷ ಕಳೆದಿತ್ತು. 1992ರಲ್ಲಿ ಎಫ್‌ಡಿಎ ಮುಖ್ಯಸ್ಥರಾಗಿದ್ದ ಡೇವಿಡ್ ಕೆಸ್ಲರ್ ಅದನ್ನು ತಡೆದಾಗ, ವಿಷ ಎಂದು ಸಾಬೀತಾಗಿದೆ ಎಂದು ಹೇಳಿರಲಿಲ್ಲ. ಸುರಕ್ಷಿತ ಎಂದು ಕಂಪನಿಗಳು ಸಾಬೀತು ಮಾಡಿಲ್ಲ ಎಂದಿದ್ದರು. ಇವೆರಡರ ನಡುವಿನ ಅಂತರ ಕೋರ್ಟುಗಳಲ್ಲೂ ಪತ್ರಿಕೆಗಳಲ್ಲೂ ಅಳಿಸಿಹೋಯಿತು. ಮೊಕದ್ದಮೆಗಳ ಭಾರಕ್ಕೆ ಡೌ ಕಾರ್ನಿಂಗ್ 1995ರಲ್ಲಿ ದಿವಾಳಿ ಅರ್ಜಿ ಹಾಕಿತು. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 1999ರಲ್ಲಿ ಎಲ್ಲ ಅಧ್ಯಯನಗಳನ್ನು ಒಟ್ಟುಮಾಡಿ ನೋಡಿತು. ಸಂಧಿವಾತ, ಲೂಪಸ್‌ನಂಥ ಕಾಯಿಲೆಗಳನ್ನು ಸಿಲಿಕೋನ್ ತರುತ್ತದೆ ಎನ್ನಲು ಪುರಾವೆ ಇಲ್ಲ ಎಂದಿತು. ಒಡೆಯುವುದು, ಇಂಪ್ಲಾಂಟಿನ ಸುತ್ತ ಮೈ ಬೆಳೆಸುವ ಪೊರೆ ಬಿಗಿಯುವುದು, ಮತ್ತೆ ಶಸ್ತ್ರಚಿಕಿತ್ಸೆ ಬೇಕಾಗುವುದು, ಈ ಸ್ಥಳೀಯ ತೊಂದರೆಗಳು ಮಾತ್ರ ನಿಜವಾದವು ಎಂದೂ ಅದೇ ವರದಿ ಹೇಳಿತು. ಮೊದಲನೆಯ ಮಾತನ್ನು ಕಂಪನಿಗಳು ಎತ್ತಿಕೊಂಡವು, ಎರಡನೆಯದು ಮೂಲೆಗೆ ಸರಿಯಿತು.

ಫ್ರಾನ್ಸಿನ ಕಥೆ ಪೂರ್ತಿ ಬೇರೆ. ಪಿಐಪಿ ಎಂಬ ಕಂಪನಿ ವೈದ್ಯಕೀಯ ಬಳಕೆಗೆ ಒಪ್ಪಿಗೆ ಇಲ್ಲದ ಕೈಗಾರಿಕಾ ಸಿಲಿಕೋನ್ ತುಂಬಿ ಮಾರುತ್ತಿತ್ತು. 2010ರಲ್ಲಿ ಸಿಕ್ಕಿಬಿದ್ದಿತು. ಅದರ ಸ್ಥಾಪಕ ಜಾಂ ಕ್ಲೋದ್ ಮಾಸ್‌ಗೆ 2013ರಲ್ಲಿ ನಾಲ್ಕು ವರ್ಷ ಶಿಕ್ಷೆಯಾಯಿತು. ಅದು ಅಪ್ಪಟ ಕಲಬೆರಕೆ. ಕಲಬೆರಕೆ ಎಣ್ಣೆ ಮಾರಿದವನನ್ನು ಹಿಡಿದರೆಂದು ಎಣ್ಣೆಯನ್ನೇ ವಿಷ ಎನ್ನಲಾಗದು. ಹಾಗೆಂದು ಸಿಕ್ಕಿದ್ದನ್ನು ಹಾಕಿಸಿಕೊಳ್ಳುವುದೂ ಸಲ್ಲದು. ತಯಾರಕರು ಯಾರು, ಭಾರತದ ಔಷಧ ನಿಯಂತ್ರಣ ಸಂಸ್ಥೆಯಾದ ಸಿಡಿಎಸ್‌ಸಿಒ ಪರವಾನಗಿ ಇದೆಯೇ ಎಂದು ಕೇಳುವುದು ರೋಗಿಯ ಹಕ್ಕು.

ಪ್ರಿಯಾ_ಮೈಸೂರು:

ನನ್ನ ಪ್ರಶ್ನೆ ಬೇರೆ ರೀತಿಯದು, ತಪ್ಪು ತಿಳಿಯಬೇಡಿ. ನನಗೆ ಕ್ಯಾನ್ಸರ್ ಇಲ್ಲ. ವಯಸ್ಸು 21. ಒಂದು ಕಡೆ ಇನ್ನೊಂದಕ್ಕಿಂತ ಬಹಳ ಚಿಕ್ಕದು. ಇದಕ್ಕೆ ಯಾವುದು ಒಳ್ಳೆಯದು?

ನಿಜ_ಹೇಳುವವ:

ಇಲ್ಲಿ ಜೀವದ ಪ್ರಶ್ನೆ ನಡೆಯುತ್ತಿದೆ, ನಿಮಗೆ ಸೌಂದರ್ಯದ ಚಿಂತೆ.

ನಿರ್ವಾಹಕಿ:

ಮೇಲಿನ ಮಾತು ಇಲ್ಲಿ ಬೇಡ. ಇನ್ನೊಮ್ಮೆ ಬರೆದರೆ ಹೊರಗೆ ಕಳುಹಿಸುತ್ತೇನೆ. ಪ್ರಿಯಾ, ನಿಮ್ಮ ಪ್ರಶ್ನೆಗೆ ಇಲ್ಲಿ ಜಾಗವಿದೆ.

ಓಟಿ_ಸಿಸ್ಟರ್:

ಪ್ರಿಯಾ, ಹುಟ್ಟಿನಿಂದ ಎರಡು ಕಡೆ ಹೆಚ್ಚು ಕಡಿಮೆ ಇರುವುದು ಅಪರೂಪವಲ್ಲ. ವ್ಯತ್ಯಾಸ ಬಹಳವಿದ್ದರೆ ಸರ್ಜನ್‌ಗಳು ಅದನ್ನು ಶೋಕಿ ಎಂದು ಕಾಣುವುದಿಲ್ಲ. ಅಮೆರಿಕದಲ್ಲಿ ಗಾತ್ರ ಹೆಚ್ಚಿಸಲು ಸಲೈನಿಗೆ 18 ವರ್ಷ, ಸಿಲಿಕೋನಿಗೆ 22 ವರ್ಷ ತುಂಬಿರಬೇಕೆಂಬ ಮಿತಿ ಇದೆ. ನಿನಗೆ ಆತುರವಿಲ್ಲದಿದ್ದರೆ ಕಾಯುವುದೇ ಒಳ್ಳೆಯದು ಎಂದು ನನ್ನ ಎಣಿಕೆ. ಕಾರಣ ಇಷ್ಟೇ: ಯಾವ ಇಂಪ್ಲಾಂಟೂ ಜೀವಮಾನಕ್ಕೆ ಬರುವುದಲ್ಲ. 43ಕ್ಕೆ ಹಾಕಿಸಿಕೊಂಡವರಿಗಿಂತ 21ಕ್ಕೆ ಹಾಕಿಸಿಕೊಂಡವಳು ಹೆಚ್ಚು ಸಲ ಟೇಬಲ್ ಹತ್ತಬೇಕಾಗುತ್ತದೆ. ಮುಂದೆ ಮಗುವಿಗೆ ಹಾಲುಣಿಸುವ ಯೋಚನೆ ಇದ್ದರೆ ತೊಟ್ಟಿನ ಸುತ್ತ ಗಾಯ ಮಾಡುವ ವಿಧಾನ ಬೇಡ ಎಂದು ಹೇಳು, ಅಲ್ಲಿ ಹಾಲಿನ ನಾಳಗಳಿಗೂ ನರಗಳಿಗೂ ಪೆಟ್ಟಾಗಬಹುದು. ದೊಡ್ಡದಾಗಿರುವ ಕಡೆಯನ್ನು ಕಡಿಮೆ ಮಾಡಿ ಸರಿಹೊಂದಿಸುವ ದಾರಿಯೂ ಇದೆ. ಬೇಕಿದ್ದರೆ ಬೇರೆ ಚರ್ಚೆ ತೆರೆ, ವಿವರವಾಗಿ ಬರೆಯುತ್ತೇನೆ.

ಲ್ಯಾಬ್_ಗಾಜು:

ನಾನು ಪೆಥಾಲಜಿ ವಿಭಾಗದವಳು. ನೀರೋ ಜೆಲ್ಲೋ ಎಂದು ಇಷ್ಟು ಬರೆದಿದ್ದೀರಿ, ಚೀಲದ ಮೇಲ್ಮೈ ಹೇಗಿದೆ ಎಂದು ಯಾರೂ ಕೇಳಲಿಲ್ಲ. ನನ್ನ ಪ್ರಕಾರ ಅದೇ ದೊಡ್ಡ ಪ್ರಶ್ನೆ.

ಮೇಲ್ಮೈ ನಯವಾಗಿರಬಹುದು, ತರಿತರಿಯಾಗಿರಬಹುದು. ಜಾಗ ಬಿಟ್ಟು ಜಾರದಿರಲಿ, ಪೊರೆ ಬಿಗಿಯದಿರಲಿ ಎಂದು ತರಿ ಮಾಡಿದರು. ಆದರೆ ಆ ತರಿಯ ಸುತ್ತ ಬೆಳೆಯುವ ಪೊರೆಯಲ್ಲಿ ಒಂದು ಬಗೆಯ ಲಿಂಫೋಮಾ ಬರುತ್ತದೆಂದು ನಿಧಾನವಾಗಿ ತಿಳಿಯಿತು. ಬಿಐಎ-ಎಎಲ್‌ಸಿಎಲ್ ಎನ್ನುತ್ತಾರೆ. ಇದು ಸ್ತನದ ಕ್ಯಾನ್ಸರ್ ಅಲ್ಲ, ರೋಗನಿರೋಧಕ ಕಣಗಳ ಕ್ಯಾನ್ಸರ್. ಎಫ್‌ಡಿಎ ಮೊದಲ ಸೂಚನೆ ಕೊಟ್ಟದ್ದು 2011ರಲ್ಲಿ. ಅಲರ್ಗಾನ್ ಕಂಪನಿ ತನ್ನ ಬಯೋಸೆಲ್ ಎಂಬ ತರಿ ಇಂಪ್ಲಾಂಟುಗಳನ್ನು 2019ರ ಜುಲೈನಲ್ಲಿ ಜಗತ್ತಿನಾದ್ಯಂತ ಹಿಂದೆ ತೆಗೆದುಕೊಂಡಿತು. ಆ ಪಟ್ಟಿಯಲ್ಲಿ ಸಿಲಿಕೋನ್ ತುಂಬಿದವೂ ಇದ್ದವು, ಸಲೈನ್ ತುಂಬಿದವೂ ಇದ್ದವು. ಒಳಗೆ ಏನಿದೆ ಎನ್ನುವುದು ಇಲ್ಲಿ ಲೆಕ್ಕಕ್ಕೇ ಬರಲಿಲ್ಲ.

ಅಪರೂಪದ ಕಾಯಿಲೆ, ಹೆದರಿ ಕೂರುವಂಥದ್ದಲ್ಲ. ಹಾಕಿಸಿಕೊಂಡು ವರ್ಷಗಳಾದ ಮೇಲೆ ಒಂದು ಕಡೆ ಇದ್ದಕ್ಕಿದ್ದಂತೆ ನೀರು ತುಂಬಿ ಊದಿಕೊಂಡರೆ ಆ ನೀರನ್ನು ತೆಗೆದು ಪರೀಕ್ಷೆಗೆ ಕಳುಹಿಸಬೇಕು, ಸಿಡಿ30 ಎಂಬ ಪರೀಕ್ಷೆ ಮಾಡಿ ಎಂದು ಬರೆಸಬೇಕು. ಹೊತ್ತಿಗೆ ಸರಿಯಾಗಿ ತಿಳಿದರೆ ಇಂಪ್ಲಾಂಟನ್ನೂ ಪೊರೆಯನ್ನೂ ಪೂರ್ತಿ ತೆಗೆಯುವುದರಿಂದಲೇ ಬಹುಪಾಲು ಜನ ಗುಣವಾಗುತ್ತಾರೆ. ಶರಾವತಿಯವರೇ, ನಿಮಗೆ ತೋರಿಸಿದ್ದು ನಯವೋ ತರಿಯೋ ಕೇಳಿ.

ರೇಡಿಯಾಲಜಿ_ರಮಾ:

ಸ್ಕ್ಯಾನ್ ಬಗ್ಗೆ ಎರಡು ಮಾತು. ಸಿಲಿಕೋನ್ ಒಡೆದರೂ ಜೆಲ್ ಹೆಚ್ಚಾಗಿ ಸುತ್ತಲಿನ ಪೊರೆಯೊಳಗೇ ನಿಲ್ಲುತ್ತದೆ, ಆಕಾರ ಬದಲಾಗುವುದಿಲ್ಲ. ಅದಕ್ಕೇ ತಿಳಿಯದೆ ಹೋಗುವುದು. ಎಫ್‌ಡಿಎ ಹಿಂದೆ ಮೂರನೆಯ ವರ್ಷದಿಂದಲೇ, ಎರಡು ವರ್ಷಕ್ಕೊಮ್ಮೆ ಎಂಆರ್‌ಐ ಎನ್ನುತ್ತಿತ್ತು. ಈಗ, ತೊಂದರೆ ಏನೂ ಇಲ್ಲದಿದ್ದರೆ ಐದಾರು ವರ್ಷಕ್ಕೆ ಮೊದಲ ಸ್ಕ್ಯಾನ್, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಎನ್ನುತ್ತದೆ. ಅಲ್ಟ್ರಾಸೌಂಡ್ ಆದರೂ ನಡೆಯುತ್ತದೆ. ಒಡೆದಿದೆಯೇ ಎಂದು ನೋಡುವ ಎಂಆರ್‌ಐಗೆ ಬಣ್ಣದ ಇಂಜೆಕ್ಷನ್ ಬೇಕಿಲ್ಲ. ಸುಮ್ಮನೆ ಬರೆದುಕೊಟ್ಟಿದ್ದರೆ ಏಕೆ ಎಂದು ಕೇಳಿ.

ಮುಖ್ಯ ಎಚ್ಚರಿಕೆ: ಇಂಪ್ಲಾಂಟಿಗೆ ಮೊದಲು ಚರ್ಮ ಹಿಗ್ಗಿಸಲು ಇಡುವ ಎಕ್ಸ್‌ಪಾಂಡರಿನಲ್ಲಿ ಸೂಜಿ ಚುಚ್ಚುವ ಜಾಗ ಗುರುತಿಸಲೆಂದು ಹೆಚ್ಚಾಗಿ ಅಯಸ್ಕಾಂತ ಇರುತ್ತದೆ. ಅದು ಒಳಗಿರುವಾಗ ಬೇರೆ ಯಾವ ಕಾರಣಕ್ಕೆ ಎಂಆರ್‌ಐ ಬರೆದರೂ, ಬೆನ್ನುನೋವಿಗೇ ಇರಲಿ, ಯಂತ್ರದ ಕೋಣೆಗೆ ಹೋಗುವ ಮೊದಲು ಹೇಳಬೇಕು.

ಚಪ್ಪಟೆ_ಚಂಪಾ:

ಯಾರೂ ಕೇಳದಿದ್ದರೂ ಮೂರನೆಯ ಆಯ್ಕೆಯ ಬಗ್ಗೆ ಬರೆಯುತ್ತೇನೆ. ನಾನು ಎರಡೂ ಕಡೆ ತೆಗೆಸಿಕೊಂಡು ಹಾಗೆಯೇ ಉಳಿದವಳು. ಊರು ರಾಯಚೂರು. ಬ್ರಾದೊಳಗೆ ಇಟ್ಟುಕೊಳ್ಳುವ ಸಿಲಿಕೋನ್ ತುಂಡನ್ನು ಕೊಂಡಿದ್ದೆ, ನಮ್ಮ ಏಪ್ರಿಲ್ ಬಿಸಿಲಿಗೆ ಅದರ ಕೆಳಗೆಲ್ಲ ಬೆವರುಸಾಲೆ. ಈಗ ಹತ್ತಿ ನೂಲಿನಲ್ಲಿ ಹೆಣೆದದ್ದು ಇಡುತ್ತೇನೆ, ಒಗೆದು ಒಣಗಿಸಬಹುದು. ಒಂದೊಂದು ದಿನ ಅದೂ ಇಲ್ಲ. ಸೆರಗು ಇದೆ, ಸಾಕು.

ನಾದಿನಿಯ ಮಾತು ಕೇಳಿ ಇದನ್ನು ಆರಿಸಿಕೊಳ್ಳಬೇಡಿ. "ಜೀವ ಉಳಿದರೆ ಸಾಕು" ಎನ್ನುವವರು ತಮ್ಮ ಮೈಯ ಬಗ್ಗೆ ಹೇಳುತ್ತಿಲ್ಲ. ನನಗೆ ಮತ್ತೆ ಮತ್ತೆ ಆಸ್ಪತ್ರೆ ಬೇಡವಾಗಿತ್ತು, ಅದಕ್ಕೆ ನಾನು ಹೀಗೆ ಮಾಡಿದೆ. ನಿಮಗೆ ಬೇಕೆನಿಸಿದರೆ ಮಾಡಿಸಿಕೊಳ್ಳಿ, ಯಾರಿಗೂ ಸಮಜಾಯಿಷಿ ಕೊಡಬೇಕಿಲ್ಲ.

ವಿಮೆ_ಲೆಕ್ಕಿಗ:

ಹಣದ ವಿಚಾರ ಯಾರೂ ಎತ್ತಿಲ್ಲ. ನಮ್ಮ ಆರೋಗ್ಯ ವಿಮೆಗಳಲ್ಲಿ ಪ್ಲಾಸ್ಟಿಕ್ ಸರ್ಜರಿ ಸೇರಿರುವುದಿಲ್ಲ ಎಂಬ ಸಾಲು ಇದ್ದೇ ಇರುತ್ತದೆ. ಅದನ್ನು ತೋರಿಸಿ ಅರ್ಜಿ ತಿರಸ್ಕರಿಸುವವರಿದ್ದಾರೆ. ಆದರೆ ವಿಮಾ ನಿಯಂತ್ರಣ ಪ್ರಾಧಿಕಾರ ಹೊರಡಿಸಿದ ಏಕರೂಪದ ಒಕ್ಕಣೆಯಲ್ಲಿ ಆ ಸಾಲಿನ ಹಿಂದೆಯೇ ವಿನಾಯಿತಿ ಇದೆ: ಅಪಘಾತ, ಸುಟ್ಟಗಾಯ ಅಥವಾ ಕ್ಯಾನ್ಸರ್ ನಂತರದ ಪುನರ್‌ರಚನೆಗೆ ಈ ನಿರ್ಬಂಧ ಅನ್ವಯಿಸುವುದಿಲ್ಲ. ಪಾಲಿಸಿಯಲ್ಲಿ "Excl08" ಎಂದು ಹುಡುಕಿ. ಮುಂಗಡ ಒಪ್ಪಿಗೆಯ ಪತ್ರದಲ್ಲಿ ಸರ್ಜನ್ "ಕ್ಯಾನ್ಸರ್‌ಗಾಗಿ ಮಾಸ್ಟೆಕ್ಟಮಿ, ತದನಂತರದ ಪುನರ್‌ರಚನೆ" ಎಂದೇ ಬರೆಯಲಿ. ಎರಡನೆಯ ಹಂತ, ಅಂದರೆ ಎಕ್ಸ್‌ಪಾಂಡರ್ ತೆಗೆದು ಇಂಪ್ಲಾಂಟ್ ಇಡುವುದು, ತಿಂಗಳುಗಳ ನಂತರ ಬರುವುದರಿಂದ ನಡುವೆ ಪಾಲಿಸಿಯ ನವೀಕರಣ ತಪ್ಪಬಾರದು.

ಎಡಿಸನ್_ಅಕ್ಕ:

ಕರೆಂಟ್ ವಿಷಯ ಯಾರೂ ಬಿಡಿಸಿ ಹೇಳಲಿಲ್ಲವಲ್ಲ ಸಿಸ್ಟರ್? ನನಗೆ ಕೊಟ್ಟಿರಲಿಲ್ಲ. ನನ್ನ ಜೊತೆಯವಳಿಗೆ ಕೊಟ್ಟರು, ಅವಳ ಇಂಪ್ಲಾಂಟ್ ಕಲ್ಲಾಯಿತು.

ಓಟಿ_ಸಿಸ್ಟರ್:

ಸರಿಯಾಗಿ ಕೇಳಿದಿರಿ ಅಕ್ಕ. ಮೈಯೊಳಗೆ ಹೊರಗಿನ ವಸ್ತು ಸೇರಿದರೆ ಅದರ ಸುತ್ತ ಪೊರೆ ಬೆಳೆಯುವುದು ಸಹಜ. ಆ ಪೊರೆ ಕುಗ್ಗಿ ಇಂಪ್ಲಾಂಟನ್ನು ಹಿಂಡಿದಾಗ ಗಟ್ಟಿಯಾಗುತ್ತದೆ, ಮೇಲಕ್ಕೆ ಏರುತ್ತದೆ, ನೋಯುತ್ತದೆ. ಕರೆಂಟ್ ಕೊಟ್ಟ ಎದೆಯಲ್ಲಿ ಇದು ಬಹಳ ಹೆಚ್ಚು, ನೀರಿದ್ದರೂ ಜೆಲ್ ಇದ್ದರೂ. ಆದ್ದರಿಂದ ಕರೆಂಟ್ ಖಚಿತವಾದವರಿಗೆ ಹಲವು ಸರ್ಜನ್‌ಗಳು ಸ್ವಂತ ಅಂಗಾಂಶದ ಪುನರ್‌ರಚನೆಯನ್ನೇ ಸೂಚಿಸುತ್ತಾರೆ. ಹೊಟ್ಟೆಯ ಚರ್ಮ ಮತ್ತು ಕೊಬ್ಬನ್ನು ರಕ್ತನಾಳ ಸಮೇತ ತಂದು ಕೂರಿಸುವುದು ಒಂದು ಬಗೆ, ಬೆನ್ನಿನ ಸ್ನಾಯುವನ್ನು ಮುಂದಕ್ಕೆ ತಿರುಗಿಸುವುದು ಇನ್ನೊಂದು. ಶಸ್ತ್ರಚಿಕಿತ್ಸೆ ದೊಡ್ಡದು, ಹೊಟ್ಟೆಯ ವಿಧಾನಕ್ಕೆ ಸೂಕ್ಷ್ಮದರ್ಶಕದಡಿ ರಕ್ತನಾಳ ಹೊಲಿಯಬಲ್ಲ ತಂಡ ಬೇಕು. ಶರಾವತಿಯವರು ತೆಳ್ಳಗಿರುವುದರಿಂದ ಹೊಟ್ಟೆಯಲ್ಲಿ ಸಾಕಷ್ಟು ಸಿಗುತ್ತದೋ ಇಲ್ಲವೋ, ಅದನ್ನು ಕೈಯಿಟ್ಟು ನೋಡಿದವರೇ ಹೇಳಬೇಕು.

ವರದಿ ಬರುವ ಮೊದಲೇ ನೀರೋ ಜೆಲ್ಲೋ ಎಂದು ತೀರ್ಮಾನಿಸುವ ಅಗತ್ಯವಿಲ್ಲ ಎಂಬುದು ನನ್ನ ಅಭಿಪ್ರಾಯ. ಮೊದಲು ಎಕ್ಸ್‌ಪಾಂಡರ್ ಇಟ್ಟರೆ ಚರ್ಮದ ಜಾಗ ಉಳಿಯುತ್ತದೆ, ಕೊನೆಯ ತೀರ್ಮಾನಕ್ಕೆ ಸಮಯ ಸಿಗುತ್ತದೆ.

ಶರಾವತಿ_ಸಾಗರ:

ಎಲ್ಲರಿಗೂ ಕೈಮುಗಿಯುತ್ತೇನೆ. ಇವತ್ತು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಚೀಟಿ ಕಂಡ ಮೇಲೆ ಸರ್ಜನ್ ಕುರ್ಚಿ ಎಳೆದುಕೊಂಡು ಕುಳಿತರು.

ಅವರು ಬಳಸುವುದು ನಯ ಮೇಲ್ಮೈಯದಂತೆ. ಸಲೈನ್ ಏಕೆ ಬೇಡ ಎಂದಾಗ ಸಿಸ್ಟರ್ ಹೇಳಿದ್ದನ್ನೇ ಹೇಳಿದರು: ನನ್ನ ಚರ್ಮ ತೆಳು, ನೆರಿಗೆ ಕಾಣುತ್ತದೆ. ಸ್ತನ ತೆಗೆಯುವ ದಿನ ಎಕ್ಸ್‌ಪಾಂಡರ್ ಇಡುತ್ತಾರೆ. ಕರೆಂಟ್ ಬೇಡವೆಂದಾದರೆ ಕೀಮೋ ಮುಗಿದ ಮೇಲೆ ಸಿಲಿಕೋನ್. ಬೇಕೆಂದಾದರೆ ಬೆನ್ನಿನ ಸ್ನಾಯುವಿನ ವಿಧಾನದ ಬಗ್ಗೆ ಮತ್ತೆ ಮಾತನಾಡೋಣ ಎಂದರು. ನಾನು ಒಪ್ಪಿದೆ. ಸ್ಕ್ಯಾನಿಗೆ ಶಿವಮೊಗ್ಗಕ್ಕೆ ಹೋಗಿಬರುವುದು ನನಗೆ ಭಾರವಲ್ಲ. ಚಂಪಕ್ಕಾ, ನಾದಿನಿಗೆ ನಿಮ್ಮ ಮಾತನ್ನು ಓದಿ ಹೇಳಿದೆ. ಸಿಟ್ಟಾಗಿದ್ದಾಳೆ, ಆದರೂ ಆಸ್ಪತ್ರೆಯಲ್ಲಿ ಜೊತೆಗಿರಲು ಬರುತ್ತಾಳಂತೆ.

ಒಂದು ಉಳಿದಿದೆ. ಇಂಪ್ಲಾಂಟಿನ ಕಾಗದಪತ್ರ ಏನೇನು ಕೇಳಿ ಪಡೆಯಬೇಕು?

ಓಟಿ_ಸಿಸ್ಟರ್:

ಪೆಟ್ಟಿಗೆಯ ಜೊತೆ ಅಂಟಿಸುವ ಚೀಟಿಗಳು ಬರುತ್ತವೆ. ಒಂದು ಕೇಸ್ ಶೀಟಿಗೆ, ಒಂದು ನಿಮ್ಮ ಕಾರ್ಡಿಗೆ. ತಯಾರಕರ ಹೆಸರು, ಮಾದರಿ, ಸೀರಿಯಲ್ ಸಂಖ್ಯೆ, ಎಷ್ಟು ಸಿಸಿ, ಎಲ್ಲ ಅದರಲ್ಲಿರುತ್ತವೆ. ಬಯೋಸೆಲ್ ಹಿಂದೆಗೆದುಕೊಂಡಾಗ ಆ ಕಾರ್ಡ್ ಇಲ್ಲದವರು ಹಳೆಯ ಆಸ್ಪತ್ರೆಗಳ ದಾಖಲೆ ಕೋಣೆಗೆ ಅಲೆಯಬೇಕಾಯಿತು. ಎಕ್ಸ್‌ಪಾಂಡರಿಗೂ ಇಂಥದೇ ಚೀಟಿ ಇದೆ, ಮೊದಲ ಶಸ್ತ್ರಚಿಕಿತ್ಸೆಯ ದಿನವೇ ಕೇಳಿ. ಡಿಸ್ಚಾರ್ಜ್ ಆಗುವಾಗ ನಾದಿನಿಯವರ ಕೈಗೆ ಕೊಟ್ಟು ಮೊಬೈಲಿನಲ್ಲಿ ಒಂದು ಫೋಟೋ ತೆಗೆಸಿಡಿ, ಆ ಹೊತ್ತಿನಲ್ಲಿ ನಿಮಗೆ ನೆನಪಿರುವುದಿಲ್ಲ.